ಟಿಲ್ಟ್‌ರೋಟೇಟರ್: ದುಡ್ಡು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹುಟ್ಟುವುದಿಲ್ಲ

ಎಕ್ಸ್‌ಕವೇಟರಿನ ಆರ್ಮ್ ಮತ್ತು ಬಕೆಟ್ ನಡುವೆ ಕೂರುವ ಟಿಲ್ಟ್‌ರೋಟೇಟರ್ ಬಕೆಟನ್ನು ಎಡಕ್ಕೂ ಬಲಕ್ಕೂ ಸುಮಾರು 40ರಿಂದ 45 ಡಿಗ್ರಿ ವಾಲಿಸುತ್ತದೆ, ಎಷ್ಟು ಸುತ್ತು ಬೇಕಾದರೂ ತಿರುಗಿಸುತ್ತದೆ. 1980ರ ದಶಕದಲ್ಲಿ ಸ್ವೀಡನ್‌ನಲ್ಲಿ ಶುರುವಾದ ಈ ಸಾಧನ ಅಲ್ಲಿ ಈಗ ಮಾಮೂಲು. ಕೊಳ್ಳುವ ಮುಂಚೆ ಎಲ್ಲರೂ ಕೇಳುವುದು ಒಂದೇ: ಹಾಕಿದ ದುಡ್ಡು ಗಿಟ್ಟುತ್ತದೆಯೇ? ಉತ್ತರ ಕಂಪನಿಯ ಕರಪತ್ರದಲ್ಲಿಲ್ಲ, ನಿಮ್ಮ ಯಂತ್ರ ದಿನವಿಡೀ ಏನು ಮಾಡುತ್ತದೆ ಎಂಬುದರಲ್ಲಿದೆ.

ನಾನು ಮೊದಲು ಮಾಡುವುದು ಒಂದು ಪೂರ್ತಿ ಪಾಳಿಯನ್ನು ಗಡಿಯಾರ ಹಿಡಿದು ನೋಡುವುದು. ಸಮಯವನ್ನು ನಾಲ್ಕು ಭಾಗ ಮಾಡಿ ಬರೆದುಕೊಳ್ಳುತ್ತೇನೆ. ಅಗೆದು ತುಂಬುವುದಕ್ಕೆ ಹೋದದ್ದು ಒಂದು. ಬಕೆಟ್ ನೇರಕ್ಕೆ ಬರಲೆಂದು ಯಂತ್ರವನ್ನೇ ಹಿಂದೆ ಮುಂದೆ ಸರಿಸಿದ್ದು ಎರಡು. ಬಕೆಟ್ ಬದಲಿಸಿದ್ದು ಮೂರು. ಗುಂಡಿಗಿಳಿದವರು ಸಲಿಕೆಯಲ್ಲಿ ತಳ ಸಮ ಮಾಡುವವರೆಗೆ ಯಂತ್ರ ಸುಮ್ಮನೆ ನಿಂತದ್ದು ನಾಲ್ಕು. ಟಿಲ್ಟ್‌ರೋಟೇಟರ್ ಉಳಿಸಿಕೊಡುವುದು ಕೊನೆಯ ಮೂರನ್ನು ಮಾತ್ರ. ಮೊದಲನೆಯದು ಅದರಿಂದ ವೇಗವಾಗುವುದಿಲ್ಲ, ಸ್ವಲ್ಪ ನಿಧಾನವೇ ಆಗುತ್ತದೆ.

ಲೆಕ್ಕವನ್ನು ರೂಪಾಯಿಗಿಂತ ಬಾಡಿಗೆ ಗಂಟೆಗಳಲ್ಲಿ ಹಾಕುವುದು ಸುಲಭ. ಉದಾಹರಣೆಗೆ ಸಾಧನ, ಪೈಪಿಂಗ್, ಜಾಯ್‌ಸ್ಟಿಕ್, ಹೊಸ ಬಕೆಟ್‌ಗಳು, ಫಿಟ್ಟಿಂಗ್ ಎಲ್ಲ ಸೇರಿ ಯಂತ್ರದ 800 ಗಂಟೆಯ ಬಾಡಿಗೆಯಷ್ಟು ಆಯಿತೆನ್ನಿ. 6000 ಗಂಟೆ ದುಡಿಸಿ ಮಾರುವಾಗ ಮೂರನೇ ಒಂದು ಪಾಲು ವಾಪಸು ಬಂದರೆ ನಿಜವಾದ ಖರ್ಚು ಸುಮಾರು 530 ಗಂಟೆ, ಅಂದರೆ ದುಡಿದ ಗಂಟೆಗಳ ಶೇ. 9. ರಿಪೇರಿ, ಸೀಲು, ಗ್ರೀಸು ಎಂದು ಇನ್ನೊಂದು ಶೇ. 3 ಸೇರಿಸಿ. ಎರಡು, ಮೂರು, ನಾಲ್ಕನೇ ಭಾಗಗಳಿಂದ ಶೇ. 12 ಸಮಯ ಉಳಿಯುವುದಾದರೆ ಅಸಲು ಹುಟ್ಟಿತು. ಪೈಪ್‌ಲೈನ್, ಚರಂಡಿ, ಕೇಬಲ್, ಇಳಿಜಾರು ಕಟ್ಟುವುದು, ಇಕ್ಕಟ್ಟಿನ ಜಾಗ ಇವುಗಳಲ್ಲಿ ಅಷ್ಟು ಉಳಿತಾಯ ಕಷ್ಟವಲ್ಲ. ಲಾರಿಗೆ ಮಣ್ಣು ತುಂಬುವುದೇ ದಿನದ ಕೆಲಸವಾಗಿದ್ದರೆ ಆಸೆ ಬಿಡಿ. ವಾಲಿಸುವುದಷ್ಟೇ ಸಾಕೆನ್ನುವವರಿಗೆ ಟಿಲ್ಟ್ ಬಕೆಟ್ ಬಹಳ ಅಗ್ಗ.

ಲೆಕ್ಕಕ್ಕೆ ಬಾರದ ಲಾಭವೊಂದಿದೆ: ಚೈನಿನ ಸವೆತ. ಒಂದೇ ಕಡೆ ನಿಂತು ಸುತ್ತಲ ಕೆಲಸ ಮುಗಿಸುವ ಯಂತ್ರದ ಚೈನು, ರೋಲರು, ಸ್ಪ್ರಾಕೆಟ್ ಹೆಚ್ಚು ಬಾಳುತ್ತವೆ. ಗುಂಡಿಗಿಳಿಯುವ ಜನರ ಸಂಖ್ಯೆಯೂ ಇಳಿಯುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡದು.

ಇನ್ನು ಕಳೆದುಕೊಳ್ಳುವುದು. 20 ಟನ್ ಯಂತ್ರದ ಟಿಲ್ಟ್‌ರೋಟೇಟರ್, ವಸ್ತು ಹಿಡಿಯುವ ಗ್ರಿಪ್ಪರ್ ಸೇರಿದರೆ, 700 ಕಿಲೋ ಆಸುಪಾಸು ತೂಗುತ್ತದೆ. ಅಷ್ಟನ್ನೂ ಲೋಡ್ ಚಾರ್ಟಿನಿಂದ, ಅಂದರೆ ಯಂತ್ರ ಎಷ್ಟು ಎತ್ತಬಹುದೆಂಬ ಪಟ್ಟಿಯ ಅಂಕಿಯಿಂದ, ಕಳೆಯಬೇಕು. ಪೂರ್ತಿ ಚಾಚಿದಾಗ ಚಾರ್ಟು 2500 ಕಿಲೋ ಎನ್ನುತ್ತಿದ್ದರೆ ಕೈಯಲ್ಲಿ ಉಳಿಯುವುದು 1800, ಅದರಲ್ಲೂ ಬಕೆಟಿನ ತೂಕ ಹೋಗಬೇಕು. ಅಗೆಯುವ ಬಲವೂ ಕುಗ್ಗುತ್ತದೆ, ಏಕೆಂದರೆ ಪಿನ್ನಿನಿಂದ ಬಕೆಟಿನ ಹಲ್ಲಿನವರೆಗಿನ ದೂರ ಬೆಳೆಯುತ್ತದೆ. 1500 ಮಿ.ಮೀ. ಇದ್ದದ್ದು 1950 ಆದರೆ ಬಲ ಶೇ. 23ರಷ್ಟು ಇಳಿಯಿತು. ಅದಕ್ಕೇ ಹಳೆಯ ಉದ್ದ ಬಕೆಟನ್ನೇ ತೂಗುಹಾಕಬಾರದು. ಗಿಡ್ಡ, ಹಗುರ ಬಕೆಟ್ ಬೇಕು, ಅದರ ಖರ್ಚನ್ನು ಮೊದಲೇ ಸೇರಿಸಿರಬೇಕು.

ಜೋಡಿಸುವಾಗ ಎರಡು ದಾರಿ. ಆರ್ಮಿಗೆ ನೇರ ಪಿನ್ ಹಾಕಿದರೆ ಎತ್ತರ, ತೂಕ ಎರಡೂ ಕಡಿಮೆ, ಆದರೆ ಬಿಚ್ಚುವುದು ರಗಳೆ. ಬೇಗ ಸಿಕ್ಕಿಸಿ ಬಿಚ್ಚಬಲ್ಲ ಕ್ವಿಕ್ ಹಿಚ್ ಕೊಂಡಿಯನ್ನು ಮೇಲೊಂದು ಕೆಳಗೊಂದು ಹಾಕಿದರೆ ಬೇಡವಾದಾಗ ಇಡೀ ಸಾಧನವನ್ನು ಕೆಳಗಿಟ್ಟು ಬ್ರೇಕರನ್ನು ನೇರ ಆರ್ಮಿಗೆ ಸಿಕ್ಕಿಸಬಹುದು. ಬಂಡೆ ಒಡೆಯುವ ಕೆಲಸ ಆಗಾಗ ಬರುವುದಾದರೆ ಎರಡನೆಯದೇ ಸರಿ, ಏಕೆಂದರೆ ಬ್ರೇಕರಿನ ಪೆಟ್ಟು ಸಾಧನವನ್ನು ತಿರುಗಿಸುವ ವರ್ಮ್ ಗೇರನ್ನೂ ಬೇರಿಂಗನ್ನೂ ಹಾಳು ಮಾಡುತ್ತದೆ. ಹಿಚ್ ಯಾವುದೇ ಇರಲಿ, ಸಿಕ್ಕಿಸಿದ ಮೇಲೆ ಬಕೆಟನ್ನು ನೆಲಕ್ಕೆ ಒತ್ತಿ, ಎಳೆದು, ಲಾಕ್ ಬಿದ್ದದ್ದನ್ನು ನೋಡದೆ ಮೇಲೆತ್ತಬಾರದು.

ಹೈಡ್ರಾಲಿಕ್ಸ್‌ನಲ್ಲಿ ಹೆಚ್ಚಿನ ತೊಂದರೆ ವಾಪಸು ಎಣ್ಣೆಯದು. ರಿಟರ್ನ್ ಲೈನನ್ನು ಮುಖ್ಯ ವಾಲ್ವಿನ ಮೂಲಕ ತಂದರೆ ಹಿಂದೊತ್ತಡ ಏರಿ, ತಿರುಗುವ ಜಾಗದಲ್ಲಿ ಎಣ್ಣೆ ದಾಟಿಸುವ ಸ್ವಿವೆಲ್ಲಿನ ಸೀಲುಗಳು ಬೇಗ ಸೋರುತ್ತವೆ. ದಪ್ಪ ಹೋಸಿನಲ್ಲಿ ನೇರ ಟ್ಯಾಂಕಿಗೆ, ಫಿಲ್ಟರ್ ದಾಟಿಸಿ ಬಿಡಬೇಕು. ಹರಿವು, ಒತ್ತಡ ಎರಡನ್ನೂ ಗೇಜ್ ಹಾಕಿ ಕೈಪಿಡಿಯ ಅಂಕಿಗೆ ಕೂರಿಸಿ. ಹರಿವು ಜಾಸ್ತಿಯಾದರೆ ವೇಗ ಬರುವುದಿಲ್ಲ, ಎಣ್ಣೆ ಬಿಸಿಯಾಗುತ್ತದೆ. ಹೋಸ್ ಕಟ್ಟುವ ಮುನ್ನ ಬಕೆಟನ್ನು ಪೂರ್ತಿ ಒಳಗೆ ಸುರುಳಿಸಿ, ಪೂರ್ತಿ ಹೊರಗೆ ಚಾಚಿ, ಎರಡೂ ಬದಿಗೆ ವಾಲಿಸಿ ನೋಡಿ. ಒಳಸುರುಳಿಯಲ್ಲಿ ಆರ್ಮಿಗೂ ಸಾಧನಕ್ಕೂ ನಡುವೆ ಸಿಕ್ಕಿ ಜಜ್ಜಿಹೋಗುವ ಹೋಸೇ ಎಲ್ಲೆಡೆ ಮೊದಲು ಒಡೆಯುವುದು.

ಜಾಯ್‌ಸ್ಟಿಕ್ಕಿಗೆ ಆನ್-ಆಫ್ ಬಟನ್ ಹಾಕಿ ದುಡ್ಡು ಉಳಿಸುವವರಿದ್ದಾರೆ. ಬಕೆಟ್ ಕುಲುಕಿ ಕುಲುಕಿ ನಿಲ್ಲುತ್ತದೆ, ಇಳಿಜಾರಿನ ಮೇಲೆ ಅಲೆ ಏಳುತ್ತದೆ. ಹೆಬ್ಬೆರಳಿನಲ್ಲಿ ಉರುಳಿಸಿದಷ್ಟೇ ವೇಗ ಕೊಡುವ ಪ್ರೊಪೋರ್ಷನಲ್ ರೋಲರ್ ಬೇಕೇ ಬೇಕು, ಒಂದು ತಿರುಗಿಸಲು, ಇನ್ನೊಂದು ವಾಲಿಸಲು. ಬಕೆಟ್ ಎಲ್ಲಿದೆಯೆಂದು ಪರದೆಯಲ್ಲಿ ತೋರಿಸುವ ಜಿಪಿಎಸ್ ಮೆಷಿನ್ ಕಂಟ್ರೋಲ್ ಇದ್ದರೆ ವಾಲಿಕೆ, ತಿರುಗಣೆ ಎರಡಕ್ಕೂ ಸೆನ್ಸರ್ ಬೇಕು. ಇಲ್ಲದಿದ್ದರೆ ಬಕೆಟಿನ ಅಂಚು ಎಲ್ಲಿದೆಯೆಂದು ಪರದೆಗೆ ಗೊತ್ತಾಗುವುದಿಲ್ಲ.

ಹೊಸ ಆಪರೇಟರಿಗೆ ನಾನು ಕೊಡುವ ಅಭ್ಯಾಸ ಒಂದೇ. ಬಕೆಟಿನ ಅಂಚನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದು, ಅಂಚು ಮಟ್ಟ ಬಿಡದಂತೆ 180 ಡಿಗ್ರಿ ತಿರುಗಿಸುವುದು, ಆಮೇಲೆ ಅದನ್ನೇ ಬೂಮ್ ಸ್ವಿಂಗ್ ಮಾಡುತ್ತ ಮಾಡುವುದು. ಇದು ಬೆರಳಿಗೆ ಹತ್ತುವವರೆಗೆ ಕೆಲಸ ನಿಧಾನವೇ. ಮೊದಲ ತಿಂಗಳ ಲೆಕ್ಕ ನೋಡಿ ಸಾಧನವನ್ನು ಬೈಯುವುದು ಬೇಡ.

ಸಾಧನ ಕೆಡುವುದು ಅಡ್ಡ ಬಲದಿಂದ. ಹಲ್ಲು ನೆಲದಲ್ಲಿ ಹೂತಿರುವಾಗ ಯಂತ್ರವನ್ನೇ ಸ್ವಿಂಗ್ ಮಾಡಿ ಮಣ್ಣು ಗುಡಿಸಿದರೆ ಆ ಬಲವೆಲ್ಲ ವರ್ಮಿನ ಹಲ್ಲುಗಳ ಮೇಲೆ ಬೀಳುತ್ತದೆ. ಪೂರ್ತಿ ವಾಲಿಸಿದ ಸ್ಥಿತಿಯಲ್ಲಿ ಗಟ್ಟಿ ನೆಲ ಅಗೆದರೆ ಟಿಲ್ಟ್ ಸಿಲಿಂಡರ್ ನರಳುತ್ತದೆ, ಆರ್ಮೂ ತಿರುಚಿಕೊಳ್ಳುತ್ತದೆ. ಗಟ್ಟಿಯಾದದ್ದನ್ನು ಬಕೆಟ್ ನೇರ ಇಟ್ಟು ಒಡೆಯಿರಿ, ವಾಲಿಕೆಯನ್ನು ಸಡಿಲ ಮಣ್ಣಿಗೂ ಕೊನೆಯ ಮಟ್ಟಕ್ಕೂ ಇಟ್ಟುಕೊಳ್ಳಿ. ಪಿನ್ನುಗಳಿಗೆ ದಿನವೂ ಗ್ರೀಸ್ ಹೊಡೆಯಬೇಕು. ವರ್ಮ್ ಗೇರಿಗೆ ಗ್ರೀಸ್ ಕೊಡುವಾಗ ಸಾಧನವನ್ನು ನಿಧಾನ ತಿರುಗಿಸುತ್ತಿರಬೇಕು, ಇಲ್ಲವಾದರೆ ಒಂದೇ ಕಡೆ ತುಂಬುತ್ತದೆ.

ಹಳೆಯದನ್ನು ಕೊಳ್ಳುವಾಗ ಗಂಟೆ ಮೀಟರನ್ನು ನಂಬಬೇಡಿ. ಬಕೆಟನ್ನು ನೆಲದಿಂದ ಮೇಲೆತ್ತಿ, ಎಂಜಿನ್ ನಿಲ್ಲಿಸಿ, ಅಂಚನ್ನು ಕೈಯಲ್ಲಿ ತಳ್ಳಿ ತಿರುಗಣೆಯಲ್ಲಿ ಸಡಿಲ (ಆಟ) ಎಷ್ಟಿದೆಯೆಂದು ಟೇಪಿನಲ್ಲಿ ಅಳೆದು, ತಯಾರಕರು ಕೊಟ್ಟ ಮಿತಿಯೊಡನೆ ಹೋಲಿಸಿ. ಹಾಗೆಯೇ ಬಕೆಟ್ ತುಂಬ ಮಣ್ಣು ಹಾಕಿ, ಒಂದು ಬದಿಗೆ ವಾಲಿಸಿ ಹತ್ತು ನಿಮಿಷ ಬಿಡಿ. ತಾನಾಗಿ ಇಳಿದರೆ ಸಿಲಿಂಡರಿನ ಸೀಲೋ, ಅದನ್ನು ಇದ್ದಲ್ಲೇ ಹಿಡಿದಿಡುವ ಹೋಲ್ಡಿಂಗ್ ವಾಲ್ವೋ ಹೋಗಿದೆ. ಸ್ವಿವೆಲ್ ಸುತ್ತ ಎಣ್ಣೆ ಜಿನುಗಿದೆಯೇ ಎಂದು ತೊಳೆಯುವ ಮೊದಲೇ ನೋಡಿ. ಹೊಳೆಯುವಂತೆ ತೊಳೆದಿಟ್ಟಿದ್ದರೆ ಅರ್ಧ ಗಂಟೆ ದುಡಿಸಿ ಇನ್ನೊಮ್ಮೆ ನೋಡಿ.