ಸಿಪಾನಿ ಡಾಲ್ಫಿನ್ ಸಾಕಲು ಹೊರಟವರಿಗೆ

ಹಳೆಯ ಕಾರಿನ ಹುಚ್ಚು ಹಿಡಿದವರು ಸಾಮಾನ್ಯವಾಗಿ ಅಂಬಾಸಿಡರ್ ಇಲ್ಲವೇ ಪದ್ಮಿನಿ ಹುಡುಕುತ್ತಾರೆ. ಅದು ಜಾಣರ ದಾರಿ. ಈ ಬರಹ ಅವರಿಗಲ್ಲ. ಬೆಂಗಳೂರಿನಲ್ಲೇ ತಯಾರಾಗಿ 1982ರಲ್ಲಿ ರಸ್ತೆಗಿಳಿದ, ಎರಡೇ ಬಾಗಿಲಿನ ಸಿಪಾನಿ ಡಾಲ್ಫಿನ್ ಯಾವುದೋ ಶೆಡ್ಡಿನಲ್ಲಿ ಕಣ್ಣಿಗೆ ಬಿದ್ದು, ಮನೆಯವರ ಮಾತು ಮೀರಿ ತಂದುಕೊಂಡವರಿಗೆ.

ನಾನು ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತಿಯ ನಂತರವೂ ಈ ಪುಟ್ಟ ಕಾರು ನನ್ನ ಕೈಗೆ ಕೆಲಸ ಕೊಡುತ್ತಲೇ ಇದೆ. ಮೂಲದಲ್ಲಿ ಇದು ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್. ಮೈ ಫೈಬರ್ ಗ್ಲಾಸ್, ಎಂಜಿನ್ 848 ಸಿಸಿಯ ಅಲ್ಯೂಮಿನಿಯಂ. ತೂಕ ಕಡಿಮೆಯಾದ್ದರಿಂದ ಎಂಬತ್ತರ ದಶಕದ ರ್‍ಯಾಲಿಗಳಲ್ಲಿ ಚೆನ್ನಾಗಿಯೇ ಓಡಿತು. ಆದರೆ 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಇದನ್ನು ಕೇಳುವವರು ಯಾರು? ತಗಡಿನ ಕಾರಿನಲ್ಲಿ ಕಲಿತ ವಿದ್ಯೆ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಿ.

ಅರ್ತಿಂಗ್‌ನಿಂದಲೇ, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಯಿಂದಲೇ, ಶುರು ಮಾಡಿ. ತಗಡಿನ ಕಾರಿನಲ್ಲಿ ದೀಪದಿಂದ ಬ್ಯಾಟರಿಗೆ ಕರೆಂಟು ಮರಳುವುದು ಕಾರಿನ ಮೈಯ ಮೂಲಕ. ಫೈಬರ್‌ನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಪ್ರತಿ ದೀಪಕ್ಕೂ ಹಾರ್ನಿಗೂ ವೈಪರ್‌ಗೂ ಚಾಸಿಸ್‌ವರೆಗೆ, ಅಂದರೆ ಮೈಯ ಕೆಳಗಿನ ಉಕ್ಕಿನ ಚೌಕಟ್ಟಿನವರೆಗೆ, ಪ್ರತ್ಯೇಕ ತಂತಿ ಬೇಕು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಹೊತ್ತಿಕೊಂಡರೆ ಬಲ್ಬು ಬದಲಿಸುತ್ತಾ ಕೂರಬೇಡಿ. ಅದು ಅರ್ತಿಂಗ್ ಕೈಕೊಟ್ಟ ಲಕ್ಷಣ. ಬ್ಯಾಟರಿಯ ನೆಗೆಟಿವ್‌ನಿಂದ ಉದ್ದನೆಯ ತಂತಿ ಎಳೆದು ದೀಪದ ಅರ್ತಿಂಗ್ ತುದಿಗೆ ಮುಟ್ಟಿಸಿ ನೋಡಿ. ತಕ್ಷಣ ಬೆಳಕು ಜೋರಾದರೆ ಕಳ್ಳ ಸಿಕ್ಕಂತೆ. ಚಾಸಿಸ್‌ಗೆ ತಂತಿ ಸೇರುವ ಬೋಲ್ಟು ಬಿಚ್ಚಿ, ಎಮೆರಿ ಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಎಂಜಿನ್‌ನಿಂದ ಚಾಸಿಸ್‌ಗೆ ಹೋಗುವ ದಪ್ಪ ಪಟ್ಟಿಯನ್ನೂ ನೋಡಿ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಈ ಪಟ್ಟಿ ಕಡಿದರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕಬಹುದು. ಸ್ಟಾರ್ಟ್ ಮಾಡುವಾಗ ಕೇಬಲ್ ಬಿಸಿಯಾಗುತ್ತಿದ್ದರೆ ಕಾರಣ ಅದೇ.

ಇನ್ನು ನೀರು. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಗಡಸು ನೀರು ಒಳಗೆಲ್ಲ ಬಿಳಿಯ ಪೊರೆ ಕಟ್ಟುತ್ತದೆ, ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್, ಅದರ ಜೊತೆ ಅಲ್ಯೂಮಿನಿಯಂ ಎಂಜಿನ್‌ಗೆ ಹೊಂದುವ ಕೂಲೆಂಟ್, ಇಷ್ಟೇ. ಸ್ಪಾರ್ಕ್ ಪ್ಲಗ್ ಬಿಚ್ಚುವುದಿದ್ದರೆ ಎಂಜಿನ್ ಪೂರ್ತಿ ತಣ್ಣಗಾಗಲಿ. ಕೂಡಿಸುವಾಗ ಮೊದಲು ಬೆರಳಿನಿಂದ ತಿರುಗಿಸಿ, ಸ್ಪ್ಯಾನರ್ ಕೊನೆಗೆ. ಪ್ಲಗ್ ಕೂರುವ ತೂತಿನ ಅಲ್ಯೂಮಿನಿಯಂ ಥ್ರೆಡ್ ಸವೆದರೆ ಖರ್ಚು ದೊಡ್ಡದು. ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ ಎತ್ತಿದ ಮೇಲೆ ಮಾತ್ರ ಎಂಜಿನ್ ತಿರುಗಿಸಲೇಬೇಡಿ. ಪಿಸ್ಟನ್ ಓಡಾಡುವ ಕೊಳವೆಗಳಾದ ಸಿಲಿಂಡರ್ ಲೈನರ್‌ಗಳು ಬಿಡಿಬಿಡಿಯಾಗಿ ನೀರಿನ ನಡುವೆ ನಿಂತಿರುತ್ತವೆ. ಪಿಸ್ಟನ್ ಜೊತೆ ಅವು ಮೇಲೆದ್ದರೆ ಕೆಳಗಿನ ಸೀಲು ಹೋಯಿತು, ನೀರು ಆಯಿಲಿಗೆ ಇಳಿಯಿತು.

ಮೈಯ ಬಿರುಕು ಎರಡು ಬಗೆ. ಬಣ್ಣದ ಮೇಲೆ ಜೇಡರ ಬಲೆಯಂತೆ ಕಾಣುವುದು ಮೇಲ್ಪದರದ್ದು, ಅವಸರವಿಲ್ಲ. ನಾಣ್ಯದಿಂದ ತಟ್ಟಿದಾಗ ಒಂದು ಜಾಗದಲ್ಲಿ ಮಾತ್ರ ಸದ್ದು ಸತ್ತಂತೆ ಕೇಳಿದರೆ ಪದರ ಬಿಟ್ಟಿದೆ ಎಂದರ್ಥ. ಅದನ್ನು ಒಳಗಿನಿಂದ ಸರಿಪಡಿಸಬೇಕು. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಒಳಮೈಯನ್ನು 80ನೇ ನಂಬರಿನ ಕಾಗದದಿಂದ ಒರಟಾಗಿಸಿ, ಅಸಿಟೋನ್‌ನಲ್ಲಿ ಒರೆಸಿ, ಗಾಜಿನ ನಾರಿನ ಫೈಬರ್ ಮ್ಯಾಟ್ ಎರಡು ಮೂರು ಪದರ ಇಟ್ಟು, ಗಟ್ಟಿಯಾಗುವ ಅಂಟುದ್ರವವಾದ ರೆಸಿನ್ ಕುಡಿಸಿ. ಬ್ರಷ್‌ನಿಂದ ಎಳೆಯಬೇಡಿ, ಕುಟ್ಟುತ್ತಾ ಹೋಗಿ, ಗಾಳಿಗುಳ್ಳೆ ಉಳಿಯಬಾರದು. ಬೇಸಿಗೆಯಲ್ಲಿ ರೆಸಿನ್ ಬೇಗ ಗಟ್ಟಿಯಾಗುವುದರಿಂದ ಒಮ್ಮೆಗೆ ಒಂದು ಲೋಟಕ್ಕಿಂತ ಹೆಚ್ಚು ಕಲಸಬೇಡಿ. ಪುಟ್ಟಿ ಹೊರಗಿನ ಅಂದಕ್ಕೆ, ಬಲಕ್ಕಲ್ಲ.

ಅಂಗಡಿಯವನು ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾನೆ: ನೇರಳೆ ಬಣ್ಣದ ಕೋಬಾಲ್ಟ್, ಬಣ್ಣವಿಲ್ಲದ ಹಾರ್ಡ್‌ನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದಿಗೂ ಬೆರೆಸಬಾರದು. ಸಿಡಿದು ಬೆಂಕಿ ಹತ್ತಬಹುದು. ಕೋಬಾಲ್ಟ್ ಅನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಕನ್ನಡಕ, ಕೈಗವಸು, ಮುಖಗವಸು, ತುಂಬುತೋಳಿನ ಹಳೆಯ ಅಂಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ರಾತ್ರಿಯೆಲ್ಲ ನವೆ.

ಮೈಗೆ ತುಕ್ಕು ಹಿಡಿಯುವುದಿಲ್ಲ ಎಂದು ಮಾರುವವರು ಬೀಗುತ್ತಾರೆ. ಕೆಳಗಿರುವ ಚಾಸಿಸ್ ಉಕ್ಕಿನದು ಎಂಬುದನ್ನು ಹೇಳುವುದಿಲ್ಲ. ಕೊಳ್ಳುವ ಮುನ್ನ ಕಾರಿನಡಿ ಮಲಗಿ, ಸ್ಕ್ರೂ ಡ್ರೈವರ್‌ನಿಂದ ಚುಚ್ಚಿ ನೋಡಿ. ವೆಲ್ಡಿಂಗ್ ಬೇಕಾದರೆ ನಮ್ಮ ಬೀದಿಯ ವೆಲ್ಡರ್ ಹುಡುಗ ಹೇಳಿದ್ದು ನೆನಪಿರಲಿ: "ಯಜಮಾನರೇ, ಇದು ಹತ್ತಿಕೊಂಡರೆ ಮಡ್‌ಗಾರ್ಡೂ ಉಳಿಯುವುದಿಲ್ಲ, ಮೊದಲು ಬಾಡಿ ಇಳಿಸಿಕೊಡಿ." ಅವನು ಹೇಳಿದ್ದು ಸರಿ. ಕಿಡಿ ತಗುಲಿದರೆ ಫೈಬರ್ ಉರಿಯುತ್ತದೆ. ಬಾಡಿ ಇಳಿಸಲಾಗದಿದ್ದರೆ ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ತೆಗೆದು, ಸುತ್ತ ಒದ್ದೆ ಗೋಣಿ ಹೊದಿಸಿ, ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿರಬೇಕು.

ಬಿಡಿಭಾಗಗಳಲ್ಲಿ ಬೇರಿಂಗ್, ಹೋಸ್, ಬಲ್ಬು, ಆಯಿಲ್ ಸೀಲಿನಂಥವನ್ನು ಅಳತೆ ತೋರಿಸಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಂದಿಸಿಕೊಳ್ಳಬಹುದು. ಹಳೆಯದನ್ನು ಜೊತೆಗೆ ಒಯ್ಯಿರಿ; ಕಾರಿನ ಹೆಸರು ಹೇಳಿದರೆ ಅಂಗಡಿಯವರು ನಗುತ್ತಾರೆ, ಅಷ್ಟೇ. ಹೆಡ್ ಗ್ಯಾಸ್ಕೆಟ್‌ನಂಥ ಎಂಜಿನ್ ಭಾಗಗಳಿಗೆ ಇಂಗ್ಲೆಂಡಿನ ಕಡೆ ನೋಡಬೇಕು. ಅಲ್ಲಿಯ ಮೂರು ಚಕ್ರದ ರಿಲಯಂಟ್ ರಾಬಿನ್‌ಗೂ ಇದೇ 848 ಸಿಸಿ ಎಂಜಿನ್ ಇತ್ತು, ಅದನ್ನು ಪ್ರೀತಿಸುವವರು ಈಗಲೂ ಇದ್ದಾರೆ. ತರಿಸುವ ಮುನ್ನ ಹಳೆಯ ಗ್ಯಾಸ್ಕೆಟ್ಟನ್ನು ಸ್ಕೇಲಿನ ಪಕ್ಕದಲ್ಲಿಟ್ಟು ಫೋಟೊ ಕಳುಹಿಸಿ, ತೂತುಗಳು ಹೊಂದುತ್ತವೆಯೇ ಎಂದು ಕೇಳಿ, ಆಮೇಲೆ ಹಣ ಕಟ್ಟಿ.