ಬೆಟ್ಟದ ಬೆಂಕಿ ಆರಿತು, ಮನೆಯೊಳಗಿನ ಬೂದಿ ತೆಗೆಯುವುದು ಹೇಗೆ?

ಶಿವರಾತ್ರಿ ಹೊತ್ತಿಗೆ ನಮ್ಮ ಕಡೆ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ಯಾರೂ ಮರೆತಿಲ್ಲ. 2025ರ ಫೆಬ್ರುವರಿಯಲ್ಲಿ ಚಾಮುಂಡಿ ಬೆಟ್ಟಕ್ಕೂ ಬೆಂಕಿ ಬಿತ್ತು. ಮಂಡ್ಯ ಕಡೆ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಟ್ಟರೆ ಪಕ್ಕದ ಬೀದಿಗಳ ತುಂಬ ಕರಿ ಹಾರುತ್ತದೆ. ಬೆಂಕಿ ಎಲ್ಲಿಯದಾದರೂ ಮನೆಯೊಳಗೆ ಬಂದು ಕೂರುವ ಬೂದಿಯ ಕಾಟ ಒಂದೇ.

ನಮ್ಮ ಮನೆ ಮೈಸೂರಿನಲ್ಲಿ ಬೆಟ್ಟದ ತಪ್ಪಲಲ್ಲೇ ಇದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ತುಳಸಿಕಟ್ಟೆ ಮೇಲೆ ಸುಟ್ಟ ಎಲೆಯೊಂದು ಬಿದ್ದಿತ್ತು. ಅದರ ನರವೆಲ್ಲ ಹಾಗೇ ಕಾಣುತ್ತಿತ್ತು. ಬೆರಳು ತಾಗಿದ್ದೇ ತಡ, ಪುಡಿಯಾಯಿತು. ಉಜ್ಜಿದರೆ ಕಾಡಿಗೆ ಸವರಿದ ಹಾಗೆ ಕಪ್ಪು ಗೆರೆ. ಅವತ್ತು ನಾನು ಮೊದಲು ಪೊರಕೆ ಹಿಡಿದು ಹಜಾರ ಗುಡಿಸಿದೆ, ಆಮೇಲೆ ಬಕೆಟ್ ನೀರು ಸುರಿದೆ. ಬೂದಿ ಅರ್ಧ ಮೇಲೆದ್ದು ಫ್ಯಾನಿನ ಮೇಲೆ ಕೂತಿತು. ಉಳಿದರ್ಧ ಕೆಸರಾಗಿ ಗೋಡೆ ಬುಡಕ್ಕೆ ಹತ್ತಿತು. ಆ ಗೆರೆ ಮತ್ತೆ ಬಣ್ಣ ಹೊಡೆಸುವವರೆಗೂ ಹೋಗಲಿಲ್ಲ. ರಾತ್ರಿಯಿಡೀ ಅತ್ತೆಗೆ ಕೆಮ್ಮು. ಅದಕ್ಕೇ ಹೇಳುತ್ತಿದ್ದೇನೆ, ಒಣ ಪೊರಕೆ ಮುಟ್ಟಲೇಬೇಡಿ. ಹೊಗೆಯ ಸಣ್ಣ ಕಣಗಳು 2.5 ಮೈಕ್ರಾನಿಗಿಂತ ಚಿಕ್ಕವು. ಅಂದರೆ ತಲೆಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು. ಗುಡಿಸಿದರೆ ಅವು ಹೋಗುವುದಿಲ್ಲ, ಎದ್ದು ನೇರ ಶ್ವಾಸಕೋಶಕ್ಕೆ ಇಳಿಯುತ್ತವೆ.

ಶುರು ಮಾಡುವ ಮುಂಚೆ

ಮೊದಲು ಕೆಂಡ ನೋಡಿ. ತಾರಸಿ, ಹೆಂಚಿನ ಸಂದು, ಸೌದೆ ರಾಶಿ, ಒಣ ತೆಂಗಿನ ಗರಿ, ಹುಲ್ಲಿನ ಮೆದೆ, ಎಲ್ಲ ಒಂದು ಸುತ್ತು ನೋಡಿ ಬನ್ನಿ. ಮೇಲೆ ಬೂದಿ ತಣ್ಣಗಿದ್ದರೂ ಒಳಗೆ ಕೆಂಡ ಇರಬಹುದು. ಎಲ್ಲಾದರೂ ಹೊಗೆಯಾಡುತ್ತಿದ್ದರೆ 101ಕ್ಕೆ ಫೋನ್ ಮಾಡಿ.

ಹೊರಗೆ ಇನ್ನೂ ಹೊಗೆ ಇದೆಯಾ? ಹಾಗಾದರೆ ಕಾಯಿರಿ. ಕಿಟಕಿ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿ. ಗಾಳಿ ತಿಳಿಯಾದ ಮೇಲೆ ಎದುರುಬದುರು ಕಿಟಕಿ ತೆಗೆಯಿರಿ. ಮಕ್ಕಳು, ಬಸುರಿಯರು, ಉಬ್ಬಸ ಇರುವವರನ್ನು ಅವತ್ತು ನೆಂಟರ ಮನೆಗೆ ಕಳಿಸಿ.

ಮೂಗಿಗೆ ಎನ್95 ಮಾಸ್ಕೇ ಬೇಕು. ಟವೆಲ್ ಕಟ್ಟಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ. ಕೈಗೆ ರಬ್ಬರ್ ಗ್ಲೌಸ್, ಮೈಗೆ ತುಂಬು ತೋಳಿನ ಬಟ್ಟೆ. "ಬೂದೀಲಿ ತಾನೇ ನಾವು ಪಾತ್ರೆ ತಿಕ್ಕುತ್ತಿದ್ದದ್ದು, ಅದಕ್ಯಾಕಮ್ಮ ಗ್ಲೌಸು?" ಅಂದರು ನಮ್ಮತ್ತೆ. ಪಾತ್ರೆಯ ಜಿಡ್ಡು ಬಿಡಿಸುವ ಆ ಕ್ಷಾರವೇ ಒದ್ದೆ ಕೈಯನ್ನೂ ತಿನ್ನುತ್ತದೆ. ಸಂಜೆ ಹೊತ್ತಿಗೆ ಅವರ ಬೆರಳ ಸಂದು ಕೆಂಪಗಾಗಿ ಉರಿಯುತ್ತಿತ್ತು. ಇನ್ನು ಬೆಂಕಿಯಲ್ಲಿ ಟೈರು, ಪ್ಲಾಸ್ಟಿಕ್, ಹಳೇ ಸಿಮೆಂಟ್ ಶೀಟು ಸುಟ್ಟಿದ್ದರೆ ಆ ಬೂದಿಗೆ ನೀವು ಕೈ ಹಾಕಬೇಡಿ.

ಹೊರಗಿನಿಂದ ಒಳಕ್ಕೆ, ಮೇಲಿನಿಂದ ಕೆಳಕ್ಕೆ

ತಾರಸಿ ಮತ್ತು ಅಂಗಳ ಮೊದಲು. ಇಲ್ಲದಿದ್ದರೆ ಚಪ್ಪಲಿಯಲ್ಲೇ ಬೂದಿ ಒಳಗೆ ಬರುತ್ತದೆ. ಮಳೆನೀರು ಸಂಪಿಗೆ ಹೋಗುವ ಪೈಪನ್ನು ಮುಚ್ಚಿ. ರಂಗೋಲಿಗೆ ಮುಂಚೆ ಅಂಗಳಕ್ಕೆ ಚಿಮುಕಿಸುತ್ತೇವಲ್ಲ, ಅಷ್ಟೇ ನೀರು ಸಾಕು, ಹರಿಯಬಾರದು. ಹಸಿಯಾದ ಬೂದಿಯನ್ನು ಮೆಲ್ಲಗೆ ಎಳೆದು, ಮೊರಕ್ಕೆ ತುಂಬಿ, ಚೀಲದಲ್ಲಿ ಕಟ್ಟಿ. ಮೋರಿಗೆ ತಳ್ಳಬೇಡಿ.

ಒಳಗೆ ಫ್ಯಾನಿನಿಂದ ಶುರು. ಹಳೇ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ ಒತ್ತಿ ಎಳೆದರೆ ಬೂದಿ ಕವರಿನೊಳಗೇ ಬೀಳುತ್ತದೆ. ಆಮೇಲೆ ಸಜ್ಜ, ಬೀರುವಿನ ತಲೆ, ದೇವರ ಫೋಟೊ, ಕಿಟಕಿ ಸರಳು. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಸಲ ಒರೆಸಿ ಮಡಿಕೆ ತಿರುಗಿಸಿ. ಹಿಂದೆ ಮುಂದೆ ಉಜ್ಜಿದರೆ ಮೆತ್ತುತ್ತದೆ, ಅಷ್ಟೇ. ಬಕೆಟ್ ಎರಡಿರಲಿ, ಒಂದು ತೊಳೆಯಲು, ಒಂದು ಜಾಲಿಸಲು. ವ್ಯಾಕ್ಯೂಮ್ ಕ್ಲೀನರಿಗೆ ಹೆಪಾ ಫಿಲ್ಟರ್, ಅಂದರೆ ತೀರಾ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರ್, ಇದ್ದರೆ ಮಾತ್ರ ಬಳಸಿ. ಸಾಮಾನ್ಯದ್ದು ಸಣ್ಣ ಕಣವನ್ನು ಹಿಂದಿನಿಂದ ಮನೆಗೇ ಊದುತ್ತದೆ.

ಗೋಡೆ ಮಾತ್ರ ಉಲ್ಟಾ. ಕಪ್ಪು ಮಸಿ ಹತ್ತಿದ್ದರೆ ಮೊದಲು ಒಣ ಸ್ಪಾಂಜಿನಿಂದ ಒತ್ತಿ ಒತ್ತಿ ತೆಗೆಯಿರಿ. ಆಮೇಲೆ ಸೋಪಿನ ನೀರಿನಲ್ಲಿ ಕೆಳಗಿನಿಂದ ಮೇಲಕ್ಕೆ ಒರೆಸಿ. ಮೇಲಿನಿಂದ ಶುರು ಮಾಡಿದರೆ ಕೊಳೆ ನೀರು ಒಣ ಗೋಡೆ ಮೇಲೆ ಇಳಿದು ಗೆರೆ ನಿಲ್ಲುತ್ತದೆ. ಸುಣ್ಣದ ಗೋಡೆಗೆ ನೀರು ತಾಗಿಸಬೇಡಿ, ಹೊಸದಾಗಿ ಸುಣ್ಣ ಬಳಿಯುವುದೇ ಮೇಲು. ನೆಲ ಕೊನೆಗೆ.

ವಾಸನೆ ಹೋಗಬೇಕಲ್ವಾ?

ಜನ ಮೊದಲು ಹಚ್ಚುವುದು ಊದುಬತ್ತಿ, ಸಾಂಬ್ರಾಣಿ. ದಯವಿಟ್ಟು ಬೇಡ, ಹೊಗೆಗೆ ಹೊಗೆ ಸೇರುತ್ತದೆ. ವಾಸನೆ ಇರುವುದು ಬಟ್ಟೆಯಲ್ಲಿ. ಕರ್ಟನ್, ಹೊದಿಕೆಗಳನ್ನು ಹೊರಗೆ ಕೊಡವಿ, ಎರಡು ಸಲ ಒಗೆಯಿರಿ. ವಾಸನೆ ಹೋಗುವ ತನಕ ಇಸ್ತ್ರಿ ಹಾಕಬೇಡಿ, ಬಿಸಿಗೆ ಕಲೆ ಕೂತುಬಿಡುತ್ತದೆ. ರೇಷ್ಮೆ ಸೀರೆಗೆ ನೀರು ಬೇಡ. ನೆರಳಲ್ಲಿ ಗಾಳಿಗೆ ಹರವಿ, ಡ್ರೈಕ್ಲೀನಿಂಗ್‌ಗೆ ಕೊಡಿ. ಹಾಸಿಗೆ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಬಿಸಿಲಲ್ಲಿ ಬಡಿಯಿರಿ.

ಎಸಿ ಫಿಲ್ಟರ್, ಸೊಳ್ಳೆ ಜಾಲರಿ ತೊಳೆಯಿರಿ. ತೆರೆದಿಟ್ಟ ಅಡುಗೆ ಚೆಲ್ಲಿ. ಕೊಟ್ಟಿಗೆ ಇದ್ದರೆ ದನದ ತೊಟ್ಟಿಯ ನೀರನ್ನೂ ಬದಲಾಯಿಸಿ. ಅದು ಜಾಸ್ತಿ ಜನಕ್ಕೆ ನೆನಪಾಗುವುದೇ ಇಲ್ಲ.

ಗಾಳಿಯಲ್ಲಿ ತೇಲುತ್ತಿದ್ದ ಬೂದಿ ಮಾರನೇ ದಿನ ಮತ್ತೆ ಕೂರುತ್ತದೆ. ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಒರೆಸಿ. ಆಮೇಲೆ ಒದ್ದೆ ಮಾಡಿದ ಬಿಳಿ ಪಂಚೆ ತುಂಡನ್ನು ಬಾಗಿಲ ಚೌಕಟ್ಟಿನ ಮೇಲೆ ಒಮ್ಮೆ ಎಳೆದು ನೋಡಿ. ನಮ್ಮ ಮನೆಯಲ್ಲಿ ಅದು ಬೆಳ್ಳಗೆ ಬಂದದ್ದು ಮೂರನೇ ಸಲಕ್ಕೆ.