ಸ್ಟ್ಯಾನ್ ಕೊಟ್ಟ ಸ್ಯಾಂಪಲ್‌ಗಳನ್ನು ಟೇಬಲ್‌ನಲ್ಲಿ ಇಡುವುದು ಹೇಗೆ?

ಬೇಯಸ್ ವಿಧಾನದ (ಗೊತ್ತಿಲ್ಲದ ಸಂಖ್ಯೆಯ ಅಂದಾಜನ್ನು ದತ್ತಾಂಶ ನೋಡಿ ತಿದ್ದಿಕೊಳ್ಳುವ ಸಂಖ್ಯಾಶಾಸ್ತ್ರದ ವಿಧಾನ) ಲೆಕ್ಕಕ್ಕೆ ಸ್ಟ್ಯಾನ್ ಎಂಬ ತಂತ್ರಾಂಶ ಬಳಸಿದರೆ ಉತ್ತರವಾಗಿ ಬರುವುದು ಒಂದು ಸಂಖ್ಯೆಯಲ್ಲ, ಸಾವಿರಾರು ಸ್ಯಾಂಪಲ್‌ಗಳು, ಅಂದರೆ ಆ ಸಂಖ್ಯೆಗೆ ಇರಬಹುದಾದ ಬೆಲೆಗಳು. ಡೊನಾಲ್ಡ್ ರೂಬಿನ್ 1981ರಲ್ಲಿ ವಿಶ್ಲೇಷಿಸಿದ ಅಮೆರಿಕದ ಎಂಟು ಶಾಲೆಗಳ ಕೋಚಿಂಗ್ ಮಾದರಿಯನ್ನೇ ನೋಡಿ. ಕೋಚಿಂಗ್ ಪರಿಣಾಮದ ಒಟ್ಟಾರೆ ಸರಾಸರಿ ಮ್ಯೂ, ಶಾಲೆಗಳ ನಡುವಿನ ವ್ಯತ್ಯಾಸ ಟೌ, ಶಾಲೆಗೊಂದರಂತೆ ಅದರ ಪರಿಣಾಮ ಥೀಟಾ: ಒಟ್ಟು 10 ವೇರಿಯಬಲ್. 4 ಚೈನ್ (ಬೇರೆ ಬೇರೆಯಾಗಿ ನಡೆಯುವ ಸ್ಯಾಂಪಲ್ ಸರಣಿ) ಓಡಿಸಿ, ವಾರ್ಮ್‌ಅಪ್ (ಆರಂಭದ ಹೊಂದಾಣಿಕೆಯ ಹಂತ) ಬಿಟ್ಟು ಚೈನ್‌ಗೆ 1,000 ಡ್ರಾ (ಒಂದೊಂದು ಸ್ಯಾಂಪಲ್) ಹಿಡಿದರೆ 40,000 ಬೆಲೆಗಳು. ಇವನ್ನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನ ಫೈಲಿಗೆ ಹಾಕುವ ಕ್ರಮ ಹೀಗಿದೆ.

ಮೊದಲು ಟೇಬಲ್‌ನ ಆಕಾರ ತೀರ್ಮಾನಿಸಿ. ವೇರಿಯಬಲ್‌ಗೊಂದು ಕಾಲಂ ಮಾಡುವುದು ಸುಲಭವೆನಿಸಿದರೂ ಮುಂದೆ ಕಾಡುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಸಾಮಾನ್ಯವಾಗಿ 2,000 ಕಾಲಂಗಳೇ ಮಿತಿ. ಹೆಸರಿನದೂ ತೊಡಕು: ‘ಥೀಟಾ[1]’ ಎಂದು ಹಾಗೇ ಬರೆದರೆ ಚೌಕ ಕಂಸದೊಳಗಿನದು ಬೇರೆಯೇ ಹೆಸರೆಂದು ಓದಿಕೊಂಡು, ‘ಥೀಟಾ’ ಎಂಬ ಕಾಲಂ ಇಲ್ಲ ಎನ್ನುತ್ತದೆ. ಆದ್ದರಿಂದ ಐದೇ ಕಾಲಂ ಸಾಕು: ರನ್ (ಮಾದರಿಯನ್ನು ಓಡಿಸಿದ ಪ್ರತಿ ಸಲದ ಗುರುತು), ಚೈನ್, ಡ್ರಾ, ವೇರಿಯಬಲ್, ಬೆಲೆ. ಮೊದಲ ನಾಲ್ಕನ್ನು ಸೇರಿಸಿ ಪ್ರೈಮರಿ ಕೀ (ಎರಡು ಸಾಲಿಗೆ ಒಂದೇ ಇರಲಾಗದ ಗುರುತು) ಮಾಡಿ. ಅದೇ ರನ್ ಎರಡನೇ ಸಲ ಒಳಬರುವುದಿಲ್ಲ. ಬೆಲೆಯ ಕಾಲಂ ರಿಯಲ್ (ದಶಮಾಂಶ ಸಂಖ್ಯೆ) ಇರಲಿ.

ಚೈನ್ ಮತ್ತು ಡ್ರಾ ಸಂಖ್ಯೆಗಳನ್ನು ಮಾತ್ರ ಎಂದೂ ಬಿಡಬೇಡಿ. ಟೇಬಲ್‌ನ ಸಾಲುಗಳಿಗೆ ತಮ್ಮದೇ ಆದ ಕ್ರಮವಿಲ್ಲ. ಸಾಲುಗಳನ್ನು ಕ್ರಮವಾಗಿ ಕೇಳುವ ಆರ್ಡರ್ ಬೈ ಹೇಳದಿದ್ದರೆ ಹೇಗೆ ಬೇಕಾದರೂ ಬರಬಹುದು. ಯಾವ ಬೆಲೆ ಯಾವ ಚೈನಿನದು ಎಂದು ತಿಳಿಯದೆ ಆರ್-ಹ್ಯಾಟ್ (ಚೈನ್‌ಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಹೇಳುವ ಅಳತೆ) ಲೆಕ್ಕ ಹಾಕಲಾಗದು. ಡ್ರಾಗಳ ಸರದಿ ತಪ್ಪಿದರೆ ಒಂದಕ್ಕೊಂದು ಅಂಟಿಕೊಂಡಿದ್ದ ಸ್ಯಾಂಪಲ್‌ಗಳೂ ಸ್ವತಂತ್ರವಾಗಿ ಕಾಣುತ್ತವೆ, ಕೆಟ್ಟ ಮಾದರಿ ಒಳ್ಳೆಯದೆಂದು ಪಾಸಾಗಿಬಿಡುತ್ತದೆ. ಸರಾಸರಿ ಮಾತ್ರ ಸರಿಯಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಡೈವರ್ಜೆಂಟ್ ಗುರುತನ್ನೂ (ಆ ಡ್ರಾದಲ್ಲಿ ಸ್ಟ್ಯಾನ್‌ನ ಲೆಕ್ಕ ದಾರಿ ತಪ್ಪಿತೇ ಎಂಬುದು) ಒಂದು ವೇರಿಯಬಲ್‌ನಂತೆ ಸೇರಿಸಿಡುವುದು ಒಳ್ಳೆಯದು.

ನಾಲ್ಕು ಚೈನ್‌ಗಳೂ ಒಟ್ಟಿಗೆ ಟೇಬಲ್‌ಗೆ ಬರೆಯಲು ಬಿಡಬೇಡಿ. ಎಸ್‌ಕ್ಯೂಲೈಟ್‌ಗೆ ಒಮ್ಮೆಗೆ ಒಬ್ಬರೇ ಬರೆಯಬಹುದು. ಉಳಿದವರಿಗೆ ‘ಡೇಟಾಬೇಸ್ ಲಾಕ್ ಆಗಿದೆ’ ಎಂಬ ದೋಷ ಎದುರಾಗಬಹುದು. ಪ್ರತಿ ಚೈನ್ ತನ್ನ ಸಿಎಸ್‌ವಿ ಫೈಲಿಗೆ ಬರೆಯಲಿ, ಮುಗಿದ ಮೇಲೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಿಗೇ ಉಳಿಯುವ ಬರಹಗಳ ಗುಂಪು) ಎಲ್ಲವನ್ನೂ ಸೇರಿಸಿ. ಸಾಲಿಗೊಂದು ಕಮಿಟ್ ಮಾಡಿದರೆ, ಅಂದರೆ ಸಾಲು ಸಾಲಾಗಿ ಖಾಯಂ ಉಳಿಸಿದರೆ, ಪ್ರತಿ ಸಾಲಿಗೂ ಡಿಸ್ಕಿಗಾಗಿ ಕಾಯಬೇಕು. ಆರ್‌ನಿಂದ ಟೇಬಲ್‌ಗೆ ಬರೆಯುವ ಡಿಬಿ-ರೈಟ್-ಟೇಬಲ್‌ಗೆ ಅಪೆಂಡ್ (ಇರುವುದಕ್ಕೆ ಸೇರಿಸು) ಹೇಳಿ. ಓವರ್‌ರೈಟ್ ಕೊಟ್ಟರೆ ಹಳೆಯ ರನ್‌ಗಳ ಜತೆ ಪ್ರೈಮರಿ ಕೀಯೂ ಅಳಿದುಹೋಗುತ್ತದೆ.

ಕೊನೆಗೆ ಆ ರನ್‌ನ ಸಾಲುಗಳನ್ನು ಚೈನ್‌ವಾರು ಎಣಿಸಿ. ಡೈವರ್ಜೆಂಟ್ ಸೇರಿಸದಿದ್ದರೆ ಚೈನ್‌ಗೆ 10,000, ಸೇರಿಸಿದ್ದರೆ 11,000 ಇರಬೇಕು. ಕಡಿಮೆಯಿದ್ದರೆ ಆ ಚೈನಿನ ಸಿಎಸ್‌ವಿ ತೆರೆದು, ಓಟ ನಡುವೆಯೇ ನಿಂತಿತ್ತೇ ನೋಡಿ.